ರಾಜಕುಮಾರಿ ಕಥೆ ಸಾಕು, ರೇಡಿಯೋದ ಆಚೆ ತುದಿಯಲ್ಲಿ ಕೂತವರ ಕಥೆ ಹೇಳಿ

ಈ ವಾರ ಮೂರನೇ ಸಲ ಅದೇ ಫಾರ್ವರ್ಡ್ ಬಂತು. ಯೂನಿಫಾರ್ಮ್ ತೊಟ್ಟ ಹುಡುಗಿಯೊಬ್ಬಳ ಕಪ್ಪು-ಬಿಳುಪು ಫೋಟೋ. ಕೆಳಗೆ ದಪ್ಪಕ್ಷರದಲ್ಲಿ, ಟಿಪ್ಪು ವಂಶದ ಗೂಢಚಾರಿಣಿ ರಾಜಕುಮಾರಿ ಅಂತ. ಮೊದಲು ಕಳಿಸಿದವರು ಟಿಪ್ಪು ಅಭಿಮಾನಿ, ಹೆಮ್ಮೆಯಿಂದ ಕಳಿಸಿದ್ದು. ಎರಡನೆಯವರು ಟಿಪ್ಪು ಅಂದ್ರೆ ಉರಿದುಬೀಳುವವರು, "ನೋಡಿ, ಅವನ ವಂಶದವಳೇ ಬ್ರಿಟಿಷರ ಪರ ಹೋದಳು" ಅಂತ ಕುಹಕಕ್ಕೆ ಕಳಿಸಿದ್ದು. ಮೂರನೆಯವರು ನಮ್ಮ ಚಿಕ್ಕಮ್ಮ, ಹುಡುಗಿ ಲಕ್ಷಣವಾಗಿದ್ದಾಳೆ ಅಂತ ಕಳಿಸಿದ್ದು. ಮೂವರಲ್ಲಿ ಚಿಕ್ಕಮ್ಮನೇ ವಾಸಿ :)

ಆ ಹುಡುಗಿಯ ಹೆಸರು ನೂರ್ ಇನಾಯತ್ ಖಾನ್. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವಳು. ತಂದೆ ಸೂಫಿ ಗುರು, ಸಂಗೀತಗಾರ ಹಜ್ರತ್ ಇನಾಯತ್ ಖಾನ್. ಅವರ ತಾಯಿಯ ಕಡೆಯಿಂದ ಟಿಪ್ಪು ಮನೆತನದ ನಂಟು. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಪಕ್ಕದಲ್ಲಿ. ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವಳು, ಆ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಯುದ್ಧ ಬಂತು, ಫ್ರಾನ್ಸ್ ಬಿತ್ತು, ಕುಟುಂಬ ಇಂಗ್ಲೆಂಡಿಗೆ ಓಡಿತು. ಅಲ್ಲಿ ಆಕೆ ವೈರ್‌ಲೆಸ್ ಕಲಿತಳು. 1943ರ ಜೂನಿನಲ್ಲಿ, ಒಂದು ರಾತ್ರಿ, ಚಿಕ್ಕ ವಿಮಾನವೊಂದು ಆಕೆಯನ್ನು ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನಲ್ಲಿ ಇಳಿಸಿ ವಾಪಸ್ ಹೋಯ್ತು. ಕಳಿಸಿದ್ದು ಎಸ್.ಓ.ಇ. ಅನ್ನುವ ಬ್ರಿಟಿಷ್ ಗುಪ್ತ ಸಂಸ್ಥೆ.

ಇಲ್ಲಿಯವರೆಗೆ ಫಾರ್ವರ್ಡಿನಲ್ಲೂ ಇದೆ. ಇಲ್ಲಿಂದ ಮುಂದಿನದ್ದು ಯಾವ ಫಾರ್ವರ್ಡಿನಲ್ಲೂ ಇಲ್ಲ. ನನ್ನ ತಕರಾರು ಅದೇ.

ನಾವೆಲ್ಲ ಬೇಹುಗಾರಿಕೆ ಕಲಿತದ್ದು ಎಲ್ಲಿ ಹೇಳಿ? 'ಜೇಡರ ಬಲೆ'ಯಲ್ಲಿ, 'ಗೋವಾದಲ್ಲಿ ಸಿ.ಐ.ಡಿ. 999'ನಲ್ಲಿ. 1968ರಲ್ಲಿ ಬಂದ ಚಿತ್ರಗಳು, ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ ಟಿವಿಯಲ್ಲಿ. ಅಣ್ಣಾವ್ರು ಪಿಸ್ತೂಲು ಹಿಡಿದು ನಿಂತರೆ ಸಾಕಿತ್ತು. ಈಗಲೂ ಬಂದ್ರೆ ಊಟದ ತಟ್ಟೆ ಹಿಡಿದು ಕೂತುಬಿಡ್ತೀನಿ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಈ ಚಿತ್ರಗಳೂ, ಬಾಂಡ್ ಮಹಾಶಯನೂ ಸೇರಿ ನಮ್ಮ ತಲೆಯಲ್ಲಿ ಒಂದು ಸುಳ್ಳು ಕೂರಿಸಿಬಿಟ್ಟವು. ಏನಂದ್ರೆ, ಬೇಹುಗಾರಿಕೆ ಅಂದ್ರೆ ಹೋದವನ ಧೈರ್ಯ ಅಂತ. ಅಲ್ಲ ಸ್ವಾಮಿ. ಬೇಹುಗಾರಿಕೆ ಅಂದ್ರೆ ಅರ್ಧ ಹೋದವನ ಧೈರ್ಯ, ಇನ್ನರ್ಧ ಆಫೀಸಿನಲ್ಲಿ ಕೂತು ಕೇಳಿಸಿಕೊಳ್ಳುವವನ ಕಿವಿ. ಎರಡನೆಯದು ಕೆಟ್ಟರೆ ಮೊದಲನೆಯದು ಬಲಿ.

ಇದು ಹೊಸ ವಿಷಯವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಜಗತ್ತಿಗೆ ತೋರಿಸಿದ್ದು ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಸನ್ಯಾಸಿ ವೇಷ, ವ್ಯಾಪಾರಿ ವೇಷ, ರೈತನ ವೇಷ ಎಲ್ಲ ಇದೆ, ನಮಗೆ ಗೊತ್ತಿರೋದೂ ಅಷ್ಟೇ. ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರ ಮಾತು ಒಂದೇ ಆದಾಗ ಮಾತ್ರ ನಂಬು ಅನ್ನುವ ನಿಯಮವೂ ಅಲ್ಲೇ ಇದೆ. ವೇಷ ಹಾಕುವವನಿಗೆ ಹೇಳಿದ ಮಾತಲ್ಲ ಅದು, ಕೇಳುವವನಿಗೆ ಹೇಳಿದ್ದು.

ಎಸ್.ಓ.ಇ. ಹತ್ತಿರವೂ ಇಂಥದ್ದೊಂದು ಉಪಾಯ ಇತ್ತು. ಏಜೆಂಟ್ ಕಳಿಸುವ ಪ್ರತಿ ಸಂದೇಶದಲ್ಲೂ ಬೇಕೆಂದೇ ಮಾಡಿದ ತಪ್ಪಿನಂಥ ಗುಟ್ಟಿನ ಗುರುತು ಇರಬೇಕು. ಗುರುತು ಇಲ್ಲ ಅಂದ್ರೆ ಸಿಕ್ಕಿಬಿದ್ದಿದ್ದಾನೆ, ಶತ್ರು ಪಕ್ಕದಲ್ಲಿ ನಿಂತಿದ್ದಾನೆ ಅಂತ ಅರ್ಥ. ಮಗುವಿಗೂ ತಿಳಿಯುವ ವ್ಯವಸ್ಥೆ.

1942ರ ಮಾರ್ಚಿನಲ್ಲಿ ಹಾಲೆಂಡಿನಲ್ಲಿ ಹುಬ್ ಲಾವರ್ಸ್ ಎಂಬ ಆಪರೇಟರ್ ಸಿಕ್ಕಿಬಿದ್ದ. ಜರ್ಮನರು ಅವನಿಂದಲೇ ಸಂದೇಶ ಕಳಿಸಿದರು. ಆತ ಗುರುತು ಬಿಟ್ಟೇ ಕಳಿಸಿದ. ಲಂಡನ್ ಗಮನ ಕೊಡಲಿಲ್ಲ. ಇನ್ನಷ್ಟು ಜನರನ್ನು ಇಳಿಸಿತು, ಇಳಿದವರನ್ನು ಕೆಳಗೆ ಜರ್ಮನರೇ ಸ್ವಾಗತಿಸಿದರು. ಹೀಗೆ ಐವತ್ತಕ್ಕೂ ಹೆಚ್ಚು ಏಜೆಂಟರು ಬಲೆಗೆ ಬಿದ್ದರು, ಬಹುಪಾಲು ಜನ ಜೀವಂತ ಮರಳಲಿಲ್ಲ. ಡೌರ್ಲೈನ್, ಉಬ್ಬಿಂಕ್ ಎಂಬಿಬ್ಬರು ಜೈಲಿನಿಂದ ತಪ್ಪಿಸಿಕೊಂಡು 1943ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡ್ ತಲುಪಿ ಸತ್ಯ ಹೇಳಿದರು. ಇಂಗ್ಲೆಂಡಿಗೆ ಬಂದಮೇಲೆ ಅವರಿಗೆ ಸಿಕ್ಕ ಬಹುಮಾನ ಏನು ಗೊತ್ತಾ? ಅನುಮಾನದ ಮೇಲೆ ಅವರನ್ನೇ ಜೈಲಿಗೆ ಹಾಕಿದರು!

ಫ್ರಾನ್ಸಿನ ಕಥೆ ಇನ್ನೂ ಚೆಂದ. ನೂರ್ ಇಳಿದ ವಾರದೊಳಗೆ ಪ್ಯಾರಿಸ್ಸಿನ ಜಾಲ ಹರಿದುಹೋಯ್ತು. ಸಿಕ್ಕಿಬಿದ್ದವರಲ್ಲಿ ಗಿಲ್ಬರ್ಟ್ ನಾರ್ಮನ್ ಎಂಬ ಆಪರೇಟರನೂ ಇದ್ದ. ಅವನ ಸೆಟ್ಟಿನಿಂದ ಹೋದ ಸಂದೇಶದಲ್ಲಿ ನಿಜವಾದ ಗುರುತು ಇರಲಿಲ್ಲ. ಲಂಡನ್ ಏನು ಉತ್ತರ ಕೊಟ್ಟಿತು? ಗುರುತು ಹಾಕೋದು ಮರೆತಿದ್ದೀಯ, ಮುಂದೆ ಹುಷಾರಾಗಿರು ಅಂತ ಬೈದು ಕಳಿಸಿತು. ಓದಿದ್ದು ಯಾರು? ಪಕ್ಕದಲ್ಲಿ ಕೂತ ಜರ್ಮನರು.

ನೂರ್‌ಗೆ ವಾಪಸ್ ಬಾ ಅಂದರೂ ಬರಲಿಲ್ಲ. ರೇಡಿಯೋ ಹೊತ್ತುಕೊಂಡು ಮನೆಯಿಂದ ಮನೆಗೆ ಅಲೆಯುತ್ತಾ ಅಕ್ಟೋಬರ್ ತನಕ ಸಂದೇಶ ಕಳಿಸಿದಳು. ತಪ್ಪೂ ಮಾಡಿದಳು, ಕಳಿಸಿದ ಸಂದೇಶಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು, ಅದು ಜರ್ಮನರಿಗೆ ಸಿಕ್ಕಿತು. ಮುಚ್ಚಿಡೋದು ಬೇಡ. ಆದರೆ ಈಕೆ ಈ ಕೆಲಸಕ್ಕೆ ತಕ್ಕವಳೇ ಎಂಬ ಅನುಮಾನವನ್ನು ತರಬೇತಿ ಕೊಟ್ಟವರೇ ಬರೆದಿಟ್ಟಿದ್ದರು. ಆಪರೇಟರ್‌ಗಳ ಕೊರತೆ ಇತ್ತು, ಕಳಿಸಿದರು. ಹಿಡಿದವರ ಮುಂದೆ ಆಕೆ ಏನನ್ನೂ ಬಾಯಿ ಬಿಡಲಿಲ್ಲ. ಹಾಗಂತ ಯುದ್ಧ ಮುಗಿದಮೇಲೆ ಹೇಳಿದವನು ಅಲ್ಲಿನ ಜರ್ಮನ್ ಅಧಿಕಾರಿ ಕೀಫರ್. ಎರಡು ಸಲ ತಪ್ಪಿಸಿಕೊಳ್ಳಲು ನೋಡಿದಳು. ಆಮೇಲೆ ಜರ್ಮನಿಯ ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿ.

ಇತ್ತ ಆಕೆಯ ಸೆಟ್ಟಿನಿಂದ ಜರ್ಮನರು ಲಂಡನ್ನಿಗೆ ಸಂದೇಶ ಕಳಿಸುತ್ತಲೇ ಇದ್ದರು. ಹಾಲೆಂಡಿನ ಸತ್ಯ ಗೊತ್ತಾಗಿ ಮೂರು ತಿಂಗಳಾದಮೇಲೆ, 1944ರ ಫೆಬ್ರವರಿ ಕೊನೆಯಲ್ಲಿ, ಆ ಸೆಟ್ಟನ್ನು ನಂಬಿ ಲಂಡನ್ ಮತ್ತೆ ಮೂವರನ್ನು ಇಳಿಸಿತು. ಅವರಲ್ಲೊಬ್ಬಳು ಮ್ಯಾಡೆಲಿನ್ ದಾಮರ್ಮಾ. ಇಳಿದ ಜಾಗದಲ್ಲೇ ಸೆರೆ. 1944ರ ಸೆಪ್ಟೆಂಬರ್ 13ರಂದು ದಾಖಾವ್ ಶಿಬಿರದಲ್ಲಿ ನೂರ್‌ಳನ್ನು ಕೊಂದ ದಿನವೇ ಕೊಂದ ಇನ್ನೂ ಮೂವರು ಹೆಂಗಸರಲ್ಲಿ ಈಕೆಯೂ ಒಬ್ಬಳು. ಒಬ್ಬಳ ರೇಡಿಯೋ ಇನ್ನೊಬ್ಬಳನ್ನು ಸಾವಿಗೆ ಕರೆದಿತ್ತು. ಕರೆದದ್ದು ನೂರ್ ಅಲ್ಲ, ನಂಬಿದ್ದು ಲಂಡನ್.

ನೂರ್‌ಗೆ 1949ರಲ್ಲಿ ಜಾರ್ಜ್ ಕ್ರಾಸ್ ಪದಕ ಕೊಟ್ಟರು, ಸತ್ತ ಐದು ವರ್ಷಕ್ಕೆ. ಆಕೆಯನ್ನು ಕಳಿಸಿದ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್? ಮರುವರ್ಷ, 1950ರಲ್ಲಿ, ಇನ್ನೊಬ್ಬ ಮಹಿಳಾ ಏಜೆಂಟಳ ಕುರಿತ 'ಒಡೆಟ್' ಸಿನಿಮಾದಲ್ಲಿ ತನ್ನ ಪಾತ್ರವನ್ನು ತಾನೇ ಮಾಡಿದ! ಸತ್ತವರಿಗೆ ಪದಕ, ಕಳಿಸಿದವರಿಗೆ ಕ್ಯಾಮೆರಾ.

"ಯುದ್ಧ ಕಣ್ರೀ, ತಪ್ಪಾಗುತ್ತೆ" ಅನ್ನಬಹುದು ನೀವು. ಒಪ್ಪಿದೆ. ನಾನೂ ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವ ಕೆಲಸ ಮಾಡಿದವನು. ದಿನಾ ಬರುವ ಅಲಾರಂ ಅಂತ ಒಂದು ರಾತ್ರಿ ಆರಿಸಿ ಮಲಗಿದ್ದೆ, ಅವತ್ತು ನಿಜವಾಗಿಯೂ ಸರ್ವರ್ ಕೂತಿತ್ತು. ನನ್ನ ಉದಾಸೀನಕ್ಕೆ ಹೋಗಿದ್ದು ಒಂದು ರಾತ್ರಿಯ ಬಿಲ್ಲುಗಳು. ಮರುದಿನ ನನ್ನನ್ನು ನಿಲ್ಲಿಸಿಕೊಂಡು ಕೇಳಿದರು, ಕೇಳಲೇಬೇಕಿತ್ತು. ಅಲ್ಲಿ ಹೋಗಿದ್ದು ಜೀವಗಳು. ಅವರನ್ನು ಹಾಗೆ ಕೇಳದಂತೆ ಕಾಪಾಡಿದ್ದು ಏನು? ನಾವು ಬಾಯಿ ಚಪ್ಪರಿಸಿ ಓದುವ ಇದೇ ಸಾಹಸದ ಕಥೆಗಳು. ಹುತಾತ್ಮರ ಫೋಟೋ ದೊಡ್ಡದಾದಷ್ಟೂ ಅದರ ಹಿಂದೆ ಅಡಗಿಕೊಳ್ಳಲು ಜಾಗ ಜಾಸ್ತಿ.

ಆದ್ದರಿಂದ ಟಿಪ್ಪು ಪರದವರಿಗೂ ವಿರೋಧದವರಿಗೂ ಒಂದೇ ವಿನಂತಿ. ಆ ಹುಡುಗಿಯನ್ನು ನಿಮ್ಮ ಜಗಳಕ್ಕೆ ಎಳೀಬೇಡಿ. ಆಕೆ ಮೌನವಾಗಿದ್ದದ್ದು ರಕ್ತದ ಗುಣದಿಂದಲ್ಲ, ಮ್ಯಾಡೆಲಿನ್ ಮೌನವಾಗಿ ಸತ್ತದ್ದಕ್ಕೆ ಯಾವ ರಾಜವಂಶವೂ ಬೇಕಾಗಲಿಲ್ಲ. ಫಾರ್ವರ್ಡ್ ಮಾಡಲೇಬೇಕು ಅಂದ್ರೆ ಕೆಳಗೆ ಒಂದು ಸಾಲು ಸೇರಿಸಿ: ಗುರುತು ಇಲ್ಲದ ಸಂದೇಶ ಬಂದಾಗ ಆಚೆ ಕಡೆ ಕೂತವರು ಯಾಕೆ ನಂಬಿದರು?

ಕೊನೇ ಕೊಸರು: ಚಿಕ್ಕಮ್ಮನಿಗೆ ಇಷ್ಟೂ ಕಥೆ ಫೋನಿನಲ್ಲಿ ಹೇಳಿದೆ. ಎಲ್ಲ ಕೇಳಿ, "ಅಲ್ವೋ, ಆ ಹುಡುಗಿ ಅಮ್ಮನಿಗೆ ಯಾರಾದ್ರೂ ಹೋಗಿ ಕ್ಷಮೆ ಕೇಳಿದ್ರೇನೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.