ವಿನಾಯಿತಿ ಬೇಡ, ಪ್ರಶ್ನೆಪತ್ರಿಕೆ ಬದಲಾಗಲಿ

ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವ ಶಿಕ್ಷಕರು, ಸೇವೆಗೆ ಸೇರಿ ಎಷ್ಟೇ ವರ್ಷವಾಗಿರಲಿ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳ ವಿಚಾರವನ್ನಷ್ಟೇ ವಿಸ್ತೃತ ಪೀಠಕ್ಕೆ ಬಿಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರಿಗೆ ಎರಡು ವರ್ಷದ ಗಡುವು; ಪಾಸಾಗದಿದ್ದರೆ ನೌಕರಿ ಇಲ್ಲ. ಅದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಆದರೆ ಬಡ್ತಿ ಸಿಗದು.

ಶಿಕ್ಷಕರ ಸಂಘಗಳ ಸಿಟ್ಟು ನ್ಯಾಯವಾದದ್ದೇ. 2010ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಟಿಇಟಿಯನ್ನು ಕಡ್ಡಾಯ ಮಾಡಿದಾಗ, ಅದಕ್ಕೂ ಮೊದಲು ನೇಮಕವಾದವರನ್ನು ಅದೇ ಹೊರಗಿಟ್ಟಿತ್ತು. ಆ ಮಾತು ನಂಬಿ ಬದುಕು ಕಟ್ಟಿಕೊಂಡವರು ಈಗ ಮತ್ತೆ ಗೈಡುಗಳ ಮುಂದೆ ಕೂತಿದ್ದಾರೆ. ಆದರೂ ಟಿಇಟಿಯಿಂದ ವಿನಾಯಿತಿ ಬೇಕೆಂಬ ಸಂಘಗಳ ಬೇಡಿಕೆ ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಮುಂದೆ ನಿಲ್ಲುವವರನ್ನು ಪರೀಕ್ಷಿಸುವುದು ಅವಮಾನವಲ್ಲ. ಏನನ್ನು ಪರೀಕ್ಷಿಸುತ್ತೇವೆ ಎಂಬುದರಲ್ಲಿ ಅವಮಾನವಿದೆ.

ಪತ್ರಿಕೆಗೆ 150 ಅಂಕ. ಸಾಮಾನ್ಯ ವರ್ಗದವರಿಗೆ 90 ಬೇಕು. ಒಟ್ಟು ಅಂಕಗಳಲ್ಲಿ ಮೊದಲ ಭಾಷೆಗೆ 30. ಕನ್ನಡ ವ್ಯಾಕರಣ ಅಲ್ಲಿ ಬರುವ ಬಗೆ ಎಲ್ಲರಿಗೂ ಗೊತ್ತು: ‘ಮಳೆಗಾಲ’ ಯಾವ ಸಂಧಿ, ಈ ಪದದ ತದ್ಭವ ಯಾವುದು, ಆ ಪದ ಯಾವ ಸಮಾಸ. ಆದೇಶ ಸಂಧಿ ಎಂದು ಗುರುತು ಹಾಕಿದರೆ ಒಂದು ಅಂಕ. ಹೆಸರು ನೆನಪಿದೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಇದರರ್ಥ ವ್ಯಾಕರಣ ಬೇಡವೆಂದಲ್ಲ. ಮೂರನೇ ತರಗತಿಯ ಮಗು ‘ಮನೆಅಲ್ಲಿ’ ಎಂದು ಬರೆಯುತ್ತದೆ. ಇಂಥ ಎರಡು ಸ್ವರಗಳು ಕೂಡುವಲ್ಲಿ ನಡುವೆ ಯಕಾರ ಬರುತ್ತದೆಂದು ಅರಿತ ಶಿಕ್ಷಕಿ, ಆ ಮಗುವಿನ ಬಾಯಲ್ಲೇ ‘ಮನೆಯಲ್ಲಿ’ ಎಂದು ಹೇಳಿಸಿ, ಆ ‘ಯ’ ಕೇಳಿಸುವಂತೆ ಮಾಡಿ ತಿದ್ದುತ್ತಾಳೆ. ಇದಕ್ಕಿರುವ ‘ಆಗಮ’ ಎಂಬ ಹೆಸರು ಮಾತ್ರ ಬಾಯಿಪಾಠವಿದ್ದವಳು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾಳೆ. ಉರ್ದು ಮನೆಮಾತಿನ ಹುಡುಗ ‘ಆನೆ ಬಂದ’ ಎನ್ನುತ್ತಾನೆ. ಉರ್ದುವಿನಲ್ಲಿ ನಪುಂಸಕ ಲಿಂಗವೇ ಇಲ್ಲ. ಅಲ್ಲಿ ಆನೆ ಪುಲ್ಲಿಂಗ. ಅವನು ತನ್ನ ಮನೆಯ ವ್ಯಾಕರಣವನ್ನು ಸರಿಯಾಗಿಯೇ ಬಳಸಿದ್ದಾನೆ. ಇದು ಗೊತ್ತಿಲ್ಲದ ಶಿಕ್ಷಕರು ಅವನನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳಿಸುತ್ತಾರೆ. ಕಲಬುರಗಿ, ಬೀದರ್, ಬಳ್ಳಾರಿ, ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಮನೆಯಲ್ಲಿ ಕನ್ನಡವಾಡದ ಮಕ್ಕಳು ಎಷ್ಟೊಂದು ಇದ್ದಾರೆ! ಅವರಿಗೆ ಕನ್ನಡ ಕಲಿಸಲು ಬೇಕಾದ ವ್ಯಾಕರಣಜ್ಞಾನ ಯಾವ ಗೈಡಿನಲ್ಲಿದೆ?

ಹಾಗಾಗಿ ಪ್ರಶ್ನೆಪತ್ರಿಕೆಯಲ್ಲಿ ಮಗು ಬರೆದ ನಾಲ್ಕು ಸಾಲು ಕೊಡಿ. ತಪ್ಪಿಗೆ ಕಾರಣ ಯಾವುದು, ಮೊದಲು ತಿದ್ದಬೇಕಾದದ್ದು ಯಾವುದು ಎಂದು ಕೇಳಿ. ಬಹು ಆಯ್ಕೆಯ ಮಾದರಿಯಲ್ಲೇ ಇದನ್ನು ಕೇಳಬಹುದು. ಕೇಂದ್ರದ ಟಿಇಟಿಯಾದ ಸಿಟಿಇಟಿಯಲ್ಲಿ ಭಾಷಾ ವಿಭಾಗದ ಅರ್ಧದಷ್ಟು ಪ್ರಶ್ನೆಗಳು ಬೋಧನೆಯ ಬಗೆಗೇ ಇರುತ್ತವೆ. ಇಂಥ ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರ ಅನುಭವ ಹೊರೆಯಾಗುವುದಿಲ್ಲ, ಅಂಕವಾಗುತ್ತದೆ.

ರಾಜ್ಯದ ಟಿಇಟಿ ನಡೆಸುವುದು ನಮ್ಮದೇ ಶಾಲಾ ಶಿಕ್ಷಣ ಇಲಾಖೆ. ಪ್ರಶ್ನೆಯ ಸ್ವರೂಪ ಬದಲಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಸಂಘಗಳು ಮುಂದಿನ ಮನವಿಪತ್ರದಲ್ಲಿ ಮೊದಲು ಇದನ್ನೇ ಬರೆಯಲಿ. ಪತ್ರಿಕೆ ರಚಿಸುವ ಸಮಿತಿಯಲ್ಲಿ ತರಗತಿಯಲ್ಲಿ ಪಾಠ ಮಾಡುತ್ತಿರುವ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಜಾಗ ಕೇಳಲಿ.