ಬೆಳ್ಳನೆಯ ಅಕ್ಕಿಯೂ ಕುಸುಬಲಕ್ಕಿಯೂ

ಅನ್ನವು ಮಲ್ಲಿಗೆಯ ಹೂವಿನಂತೆ ಬೆಳ್ಳಗಿರಬೇಕೆಂಬುದು ನಮ್ಮಲ್ಲಿ ಬಹುಮಂದಿಯ ಆಸೆ. ಮದುವೆಯ ಮನೆಯಲ್ಲಿ ಎಲೆಯ ಮೇಲೆ ಬಿದ್ದ ಅನ್ನ ತುಸು ಮಾಸಲಾಗಿದ್ದರೆ ಬೀಗರ ಮುಖವೂ ಮಾಸುತ್ತದೆ. ಅಂಗಡಿಯವನು ಈ ಮರ್ಮವನ್ನು ಬಲ್ಲನು. ಗಿರಣಿಯವನು ಇನ್ನೂ ಚೆನ್ನಾಗಿ ಬಲ್ಲನು. ಆದರೆ ಅಕ್ಕಿಯ ಬಿಳುಪೆಂದರೆ ಅದರ ಮೈಮೇಲಿಂದ ಎಷ್ಟನ್ನು ಉಜ್ಜಿ ತೆಗೆದಿದ್ದಾರೆಂಬುದರ ಗುರುತು, ಅಷ್ಟೆ. ಭತ್ತವನ್ನು ಮೊದಲು ಬೇಯಿಸಿ ಒಣಗಿಸಿ, ಅನಂತರ ಆದಷ್ಟು ಕಡಮೆ ಉಜ್ಜಿದ ಅಕ್ಕಿಯೇ ನಮ್ಮ ಇಂದಿನ ದೇಹಸ್ಥಿತಿಗೆ ಹೆಚ್ಚು ಹೊಂದುವುದೆಂದು ನಾವು ನಂಬಿದ್ದೇವೆ. ಹೀಗೆ ನಂಬಲು ಕಾರಣಗಳೇನು, ಈ ನಂಬಿಕೆಗೆ ಎಲ್ಲೆ ಯಾವುದು ಎಂಬುದನ್ನು ವಾಚಕರ ಮುಂದಿಡುತ್ತೇವೆ.

ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಉಮಿ. ಉಮಿಯನ್ನು ಕಳೆದರೆ ಉಳಿಯುವ ಕಾಳಿಗೆ ತೆಳ್ಳನೆಯ ಕಂದು ಅಥವಾ ಕೆಂಪು ಪೊರೆಯೊಂದುಂಟು. ಒಂದು ತುದಿಯಲ್ಲಿ ಮೊಳಕೆಯ ಕಣ್ಣುಂಟು. ಇವೆರಡೂ ಉದುರಿ ಪುಡಿಯಾದದ್ದೇ ತವುಡು. ಕಾಳಿನ ಬಿ ಜೀವಸತ್ವಗಳು, ಎಣ್ಣೆ, ನಾರು, ಖನಿಜಗಳು ಬಹುಮಟ್ಟಿಗೆ ಇರುವುದು ಇಲ್ಲಿಯೇ. ಒಳಗಿನ ಬಿಳಿಯ ತಿರುಳು ಹೆಚ್ಚಾಗಿ ಪಿಷ್ಟ. ನಾವು ತಿರುಳನ್ನು ಉಂಡು ತವುಡನ್ನು ಎಮ್ಮೆಗೆ ಹಾಕುತ್ತೇವೆ. ಎಮ್ಮೆಯ ಮೇಲೆ ನಮಗೆ ಮತ್ಸರವಿಲ್ಲ. ಆದರೆ ಈ ಪಾಲುಗಾರಿಕೆಯಲ್ಲಿ ಜಾಣತನ ಯಾರದೆಂಬುದು ವಿಚಾರಿಸಬೇಕಾದ ಮಾತು. ಗಿರಣಿಯವನೊಬ್ಬನನ್ನೇ ದೂರುವುದೂ ಸರಿಯಲ್ಲ. ತವುಡಿನ ಎಣ್ಣೆ ಬೇಗನೆ ಕೆಡುತ್ತದೆ. ತವುಡುಳ್ಳ ಅಕ್ಕಿ ಕೆಲವು ತಿಂಗಳಲ್ಲೇ ಕಮಟು ವಾಸನೆ ಹಿಡಿಯುತ್ತದೆ, ಹುಳುವನ್ನೂ ಕರೆಯುತ್ತದೆ. ವರ್ಷಗಟ್ಟಲೆ ಕೂಡಿಟ್ಟು ದೂರದೂರಕ್ಕೆ ಸಾಗಿಸಬೇಕಾದ ವ್ಯಾಪಾರಕ್ಕೆ ಬಿಳಿಯ ಅಕ್ಕಿಯೇ ಅನುಕೂಲ.

ಈ ಅನುಕೂಲಕ್ಕೆ ಜನರು ತೆತ್ತ ಬೆಲೆಯನ್ನು ವೈದ್ಯಶಾಸ್ತ್ರದ ಚರಿತ್ರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಆವಿಯಂತ್ರದ ಗಿರಣಿಗಳು ಪೂರ್ವದೇಶಗಳಿಗೆ ಬಂದಂತೆ, ಕಾಲು ಬಿದ್ದುಹೋಗಿ ಹೃದಯ ಸೋಲುವ ಬೆರಿಬೆರಿ ರೋಗವೂ ಅಲ್ಲಿ ಹಬ್ಬಿತು. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಆಸ್ಪತ್ರೆಯ ಅಡಿಗೆಮನೆಯ ಬಿಳಿಯ ಅನ್ನವನ್ನು ತಿಂದ ಕೋಳಿಗಳಿಗೆ ಇಂಥದೇ ರೋಗ ಬಂದು, ಪಾಲಿಷ್ ಮಾಡದ ಅಕ್ಕಿ ಕೊಟ್ಟೊಡನೆ ವಾಸಿಯಾದುದನ್ನು ಕಂಡನು. ಈ ಕೋಳಿಗಳ ಕಥೆ ಪ್ರಸಿದ್ಧವಾದದ್ದು; 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ನಮಗೆ ಹೆಚ್ಚು ಸಂಬಂಧಪಟ್ಟ ಇನ್ನೊಂದು ಕಥೆ ಅಷ್ಟು ಪ್ರಸಿದ್ಧವಲ್ಲ. ಮಲಯಾದಲ್ಲಿ ತವರದ ಗಣಿಗಳ ಚೀನೀ ಕೂಲಿಗಾರರು ಬೆರಿಬೆರಿಯಿಂದ ಸಾಯುತ್ತಿದ್ದರು. ಅದೇ ನಾಡಿನಲ್ಲಿ ದುಡಿಯುತ್ತಿದ್ದ ತಮಿಳು ಕೂಲಿಗಾರರಲ್ಲಿ ರೋಗ ಅಪರೂಪವಾಗಿತ್ತು. ತಮಿಳರು ಉಣ್ಣುತ್ತಿದ್ದುದು ಕುಸುಬಲಕ್ಕಿ. 1905ರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯನು ಕೌಲಾಲಂಪುರದ ಹುಚ್ಚರ ಆಸ್ಪತ್ರೆಯಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಯಾಮಿನ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಭಾರತದಿಂದ ಬಂದ ಕುಸುಬಲಕ್ಕಿಯನ್ನೂ ಕೊಡಿಸಿದನು. ಕಟ್ಟಡದ ದೋಷವಿರಬಹುದೆಂಬ ಸಂದೇಹಕ್ಕೆ ನಡುವೆ ಗುಂಪುಗಳ ವಾಸಸ್ಥಳವನ್ನು ಅದಲುಬದಲು ಮಾಡಿದನು. ಬಿಳಿಯ ಅಕ್ಕಿ ಉಂಡ 120 ಮಂದಿಯಲ್ಲಿ 18 ಮಂದಿ ಬೆರಿಬೆರಿಯಿಂದ ಸತ್ತರು. ಕುಸುಬಲಕ್ಕಿ ಉಂಡ 123 ಮಂದಿಯಲ್ಲಿ ಒಬ್ಬರಿಗೂ ಹೊಸದಾಗಿ ರೋಗ ಬರಲಿಲ್ಲ. ಅನಾಥ ರೋಗಿಗಳ ಮೇಲೆ ಇಂಥ ಪರೀಕ್ಷೆಯನ್ನು ಇಂದು ಯಾರೂ ಒಪ್ಪಲಾರರು. ಆದರೆ ಎರಡು ಗುಂಪಿನವರೂ ಉಂಡದ್ದು ಗಿರಣಿಯ ಅಕ್ಕಿಯನ್ನೇ ಎಂಬುದನ್ನು ಗಮನಿಸಬೇಕು. ವ್ಯತ್ಯಾಸವಿದ್ದುದು ಭತ್ತವನ್ನು ಬೇಯಿಸಿದ್ದರಲ್ಲಿ.

ಬೇಯಿಸುವಾಗ ಆಗುವುದಾದರೂ ಏನು? ಭತ್ತವನ್ನು ನೆನೆಹಾಕಿದಾಗ ತವುಡಿನ ಪದರದಲ್ಲಿರುವ, ನೀರಿನಲ್ಲಿ ಕರಗುವ ಜೀವಸತ್ವಗಳು ತಿರುಳಿನೊಳಕ್ಕೆ ಇಳಿಯುತ್ತವೆ. ಆವಿ ತಾಕಿದಾಗ ಪಿಷ್ಟದ ಕಣಗಳು ಉಬ್ಬಿ ಬೆಸೆದುಕೊಂಡು, ಒಳಗೆ ಬಂದ ಸತ್ವವನ್ನು ಹಿಡಿದಿಡುತ್ತವೆ. ಒಣಗಿದ ಮೇಲೆ ಕಾಳು ಗಾಜಿನಂತೆ ಗಟ್ಟಿಯಾಗುತ್ತದೆ. ಗಿರಣಿಯಲ್ಲಿ ನುಚ್ಚಾಗುವುದು ಕಡಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಹುಕಾಲ ಪ್ರಕಟಿಸುತ್ತ ಬಂದ ಕೋಷ್ಟಕದ ಪ್ರಕಾರ, 100 ಗ್ರಾಂ ಗಿರಣಿಯ ಹಸಿ ಅಕ್ಕಿಯಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ 0.06 ಮಿಲಿಗ್ರಾಂ, ಒನಕೆಯಲ್ಲಿ ಕುಟ್ಟಿದ ಹಸಿ ಅಕ್ಕಿಯಲ್ಲಿ 0.21, ಗಿರಣಿಯ ಕುಸುಬಲಕ್ಕಿಯಲ್ಲಿಯೂ 0.21. ಒನಕೆಯಿಂದ ಉಳಿಯುವಷ್ಟೇ ಸತ್ವವನ್ನು ಒಂದು ಹಂಡೆ ನೀರು ಉಳಿಸಿಕೊಡುತ್ತದೆ ಎಂದಾಯಿತು. ಮತ್ತೆ ಒನಕೆಗೆ ಹಿಂದಿರುಗೋಣವೆಂದು ಉಪದೇಶಿಸುವವರು ಇದನ್ನು ತಿಳಿಯುವುದು ಒಳ್ಳೆಯದು. ಅಂಥ ಉಪದೇಶಕರಲ್ಲಿ ಒನಕೆ ಹಿಡಿದವರು ಕಡಮೆ. ಕೋಳಿ ಕೂಗುವ ಮುನ್ನ ಎದ್ದು ಕುಟ್ಟಿದ ಹೆಂಗಸರ ಭುಜಗಳನ್ನು ಅವರು ಕೇಳಿದಂತಿಲ್ಲ.

ಕುಸುಬಲಕ್ಕಿಯ ವಾಸನೆ ಸೇರದೆಂಬುದು ಬಯಲುಸೀಮೆಯವರ ಹಳೆಯ ದೂರು. ದೂರು ಸುಳ್ಳಲ್ಲ. ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆದ ಭತ್ತ ಹುಳಿತು ನಾರುತ್ತಿತ್ತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಇದಕ್ಕೆ ಪರಿಹಾರ ಕಂಡುಹಿಡಿದರು: ಸುಮಾರು 70 ಡಿಗ್ರಿ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ ಆವಿ ಕೊಟ್ಟರೆ ವಾಸನೆ ಏಳುವುದಿಲ್ಲ. ನಮ್ಮ ನಾಡಿನಲ್ಲೇ ರೂಪುಗೊಂಡ ಈ ವಿಧಾನವನ್ನು ನಾವು ಮೆಚ್ಚಿಕೊಂಡದ್ದು ಸಾಲದು.

ಇಷ್ಟಾಯಿತು ಹಳೆಯ ರೋಗದ ಮಾತು. ಇಂದಿನ ಭಯ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿಯೆಂದು ತಿಳಿದುಬಂತು. ಅಕ್ಕಿಯನ್ನೇ ನೆಚ್ಚಿದ ನಮ್ಮಂಥವರಿಗೆ ಇದು ಉದಾಸೀನ ಮಾಡುವ ಸಂಗತಿಯಲ್ಲ.

ಪಿಷ್ಟವೆಂದರೆ ಗ್ಲೂಕೋಸಿನ ಕೊಂಡಿಗಳ ಸರಪಣಿ. ಕೊಂಡಿಗಳು ಕರುಳಿನಲ್ಲಿ ಎಷ್ಟು ಬೇಗ ಬಿಚ್ಚುತ್ತವೆಯೋ ಅಷ್ಟು ಬೇಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಈ ಏರಿಕೆಯನ್ನು ಗ್ಲೂಕೋಸಿನ ಏರಿಕೆಗೆ ಹೋಲಿಸಿ ಹೇಳುವ ಅಂಕಿಯೇ ಗ್ಲೈಸೀಮಿಕ್ ಸೂಚ್ಯಂಕ; 1981ರಲ್ಲಿ ಟೊರಾಂಟೋದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಇದನ್ನು ಬಳಕೆಗೆ ತಂದರು. ತವುಡಿನ ಪೊರೆ ನೀರಿಗೂ ಜೀರ್ಣರಸಕ್ಕೂ ಅಡ್ಡಗೋಡೆ. ಚೆನ್ನೈಯ ಸಂಶೋಧಕರು ಒಂದೇ ತಳಿಯ ಅಕ್ಕಿಯನ್ನು ಬೇರೆಬೇರೆ ಪ್ರಮಾಣದಲ್ಲಿ ಉಜ್ಜಿಸಿ ಪರೀಕ್ಷಿಸಿದರು. ಉಜ್ಜದ ಅಕ್ಕಿಯ ಸೂಚ್ಯಂಕ 57.6; ತೂಕದಲ್ಲಿ ನೂರಕ್ಕೆ 2.3ರಷ್ಟು ಉಜ್ಜಿದಾಗ 73, 4.4ರಷ್ಟು ಉಜ್ಜಿದಾಗ 79.6. ಅಂದರೆ ಮೊದಲ ಉಜ್ಜಿನಲ್ಲೇ ಹೆಚ್ಚಿನ ನಷ್ಟ. ‘ಅರೆ ಪಾಲಿಷ್’ ಎಂಬ ಹೆಸರಿನ ಅಕ್ಕಿ ಕೊಂಡು ನೆಮ್ಮದಿಯಿಂದಿರುವವರು ಇದನ್ನು ಎರಡು ಸಲ ಓದಬೇಕು.

ಕುಸುಬಲಕ್ಕಿಯ ಪಕ್ಷಪಾತಿಗಳಾದ ನಾವು ಇಲ್ಲೊಂದು ಮಾತನ್ನು ಮರೆಮಾಚಲಾರೆವು. ಬೆಂದು ಆರಿದ ಪಿಷ್ಟದ ಒಂದು ಅಂಶ ಬಿಗಿಯಾಗಿ ಹೆಣೆದುಕೊಂಡು ಜೀರ್ಣಕ್ಕೆ ಸುಲಭವಾಗಿ ಒಗ್ಗದಂತಾಗುವುದು ನಿಜ. ಆದರೆ ಇದರ ಪರಿಣಾಮ ಬೇಯಿಸಿದ ಬಗೆಯನ್ನು ಅವಲಂಬಿಸಿದೆ. 2000ರಲ್ಲಿ ಪ್ರಕಟವಾದ, ಬಾಂಗ್ಲಾದೇಶದ ತಳಿಯೊಂದರ ಪರೀಕ್ಷೆಯಲ್ಲಿ, ಹೆಚ್ಚಿನ ಒತ್ತಡದ ಆವಿಯಲ್ಲಿ ಬೇಯಿಸಿದ ಭತ್ತದ ಅಕ್ಕಿ ಮಾತ್ರ ಸಕ್ಕರೆಯ ಏರಿಕೆಯನ್ನು ಗಣನೀಯವಾಗಿ ತಗ್ಗಿಸಿತು. ಮೆಲ್ಲಗೆ ಬೇಯಿಸಿದ್ದು ಹಾಗೆ ಮಾಡಲಿಲ್ಲ. ತಳಿಯ ಗುಣವೂ ಇದೆ: ಅಮೈಲೋಸ್ ಎಂಬ ನೇರ ಸರಪಣಿ ಹೆಚ್ಚಿದ್ದರೆ ಅನ್ನ ಉದುರುದುರಾಗಿ ನಿಧಾನವಾಗಿ ಜೀರ್ಣವಾಗುತ್ತದೆ. ಆಮೇಲೆ ನಾವು ಮಾಡುವ ಉಪಚಾರ ಬೇರೆ. ಮಂಡಕ್ಕಿ ಆಗುವುದೂ ಬೇಯಿಸಿದ ಭತ್ತದ ಅಕ್ಕಿಯಿಂದಲೇ. ಕಾದ ಮರಳಿನಲ್ಲಿ ಅರಳಿದೊಡನೆ ಅದು ಬೇಗ ಕರಗುವ ತಿಂಡಿಯಾಗಿಬಿಡುತ್ತದೆ. ಹೀಗಿರಲು ‘ಸಕ್ಕರೆರಹಿತ ಅಕ್ಕಿ’ ಎಂದು ಚೀಲದ ಮೇಲೆ ಅಚ್ಚು ಹಾಕಿಸಿ ಮಾರುವುದು ಶುದ್ಧ ವಂಚನೆ. ಪಿಷ್ಟವಿಲ್ಲದ ಅಕ್ಕಿ ಇಲ್ಲ; ಅದನ್ನು ನಂಬಿ ಮಧುಮೇಹಿಯೊಬ್ಬನು ಎರಡು ಬಾರಿ ಬಡಿಸಿಕೊಂಡರೆ ಹೊಣೆ ಯಾರು?

ಬಡಿಸಿಕೊಳ್ಳುವ ಅಳತೆಯೇ ಮುಖ್ಯ. 21 ದೇಶಗಳ 1,32,373 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಹೊರಬಿತ್ತು. ದಕ್ಷಿಣ ಏಷ್ಯದಲ್ಲಿ ದಿನಕ್ಕೆ 450 ಗ್ರಾಮಿಗಿಂತ ಹೆಚ್ಚು ಬಿಳಿಯ ಅನ್ನ ಉಣ್ಣುವವರಿಗೆ ಮಧುಮೇಹ ಬರುವ ಸಂಭವ, 150 ಗ್ರಾಮಿಗಿಂತ ಕಡಮೆ ಉಣ್ಣುವವರಿಗಿಂತ ಸುಮಾರು 1.6 ಪಟ್ಟು ಕಂಡುಬಂತು. ಇಂಥ ಅಧ್ಯಯನ ಅನ್ನವನ್ನೇ ಅಪರಾಧಿಯೆಂದು ಸಿದ್ಧಪಡಿಸಲಾರದು. ಮೈಮುರಿದು ದುಡಿಯುವುದು ತಪ್ಪಿದ್ದೂ ಕಾರಣವಾಗಿರಬಹುದು. ಆದರೂ ತಟ್ಟೆಯಲ್ಲಿ ಅನ್ನದ ರಾಶಿ ಕುಗ್ಗಿ ಬೇಳೆ, ಕಾಳು, ಸೊಪ್ಪು, ಪಲ್ಯ ಹೆಚ್ಚಿದರೆ ಯಾರಿಗೂ ಕೆಡುಕಿಲ್ಲ.

ಸರ್ಕಾರಕ್ಕೂ ನಮ್ಮದೊಂದು ಬಿನ್ನಹ. ಸರ್ಕಾರದ ಯೋಜನೆಗಳಲ್ಲಿ ಸಾರವರ್ಧಿತ ಅಕ್ಕಿಯನ್ನು ಕೊಡುವುದಾಗಿ 2021ರ ಆಗಸ್ಟ್ 15ರಂದು ಪ್ರಧಾನಿಗಳು ಘೋಷಿಸಿದರು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನಂತೆ ಅಚ್ಚುಹೊಯ್ದು, ನೂರು ಕಾಳಿಗೆ ಒಂದರಂತೆ ಕಲಸುವ ಏರ್ಪಾಡು ಅದು. ಬಿ12 ಯಾವ ಅಕ್ಕಿಯಲ್ಲಿಯೂ ಎಂದೂ ಇದ್ದುದಲ್ಲ. ಆದುದರಿಂದ ಯೋಜನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ತವುಡಿನೊಡನೆ ಹೋದದ್ದರಲ್ಲಿ ಒಂದಿಷ್ಟನ್ನು ಖರ್ಚುಮಾಡಿ ಮತ್ತೆ ತುಂಬುವಾಗ, ಹೋಗದಂತೆ ನೋಡಿಕೊಳ್ಳುವ ದಾರಿಯನ್ನೂ ಅಷ್ಟೇ ಉತ್ಸಾಹದಿಂದ ಹಿಡಿಯಬಾರದೇಕೆ? ದಕ್ಷಿಣ ಕನ್ನಡ ಉಡುಪಿಗಳಲ್ಲಿ ಪಡಿತರಕ್ಕೆ ಕುಚ್ಚಲಕ್ಕಿ ಬೇಕೆಂದು ಜನರೇ ಕೇಳುತ್ತ ಬಂದಿದ್ದಾರೆ. ಕೇಳಿದವರಿಗೆ ಅದನ್ನು ಕೊಡಬೇಕು. ಮಾರುವ ಪ್ರತಿಯೊಂದು ಚೀಲದ ಮೇಲೂ ಮೂರು ವಿಷಯ ಕನ್ನಡದಲ್ಲಿ ಇರಬೇಕು: ತಳಿ ಯಾವುದು, ಭತ್ತವನ್ನು ಬೇಯಿಸಿದ್ದೆ ಇಲ್ಲವೆ, ನೂರಕ್ಕೆ ಎಷ್ಟು ಉಜ್ಜಲಾಗಿದೆ. ಅಲ್ಲಿಯವರೆಗೆ ಗೃಹಿಣಿಯರು ಅಂಗಡಿಯಲ್ಲಿ ಈ ಮೂರನ್ನೂ ಬಾಯಿಬಿಟ್ಟು ಕೇಳಲಿ. ಅಕ್ಕಿಯನ್ನು ನಾಲ್ಕು ಸಲ ತಿಕ್ಕಿ ತೊಳೆಯದೆ ಒಂದೆರಡು ಸಲಕ್ಕೆ ನಿಲ್ಲಿಸಲಿ. ಅನ್ನ ಬಸಿದರೆ ಗಂಜಿಯನ್ನು ಚೆಲ್ಲದೆ ಸಾರಿಗಾದರೂ ಬೆರೆಸಲಿ.