ಕುಮ್ಕಿಯೂ ಕುಮ್ಮಕ್ಕೂ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನ ಹಳ್ಳಿಗಳಲ್ಲಿ ರಾತ್ರಿ ಆನೆ ಹೊಲಕ್ಕಿಳಿದರೆ, ಬೆಳಗಾಗುವ ಹೊತ್ತಿಗೆ ಜನರ ಬಾಯಲ್ಲಿ ಒಂದೇ ಮಾತು: “ಕುಮ್ಕಿ ತರಿಸಿ.” ಕಾಡಾನೆಯನ್ನು ಹಿಡಿಯಲು ಅಥವಾ ಅಟ್ಟಲು ಪಳಗಿಸಿದ ಆನೆಯೇ ಕುಮ್ಕಿ. ಪತ್ರಿಕೆಯನ್ನು ತೆರೆದರೆ ಇನ್ನೊಂದು ಮಾತು ಕಣ್ಣಿಗೆ ಬೀಳುತ್ತದೆ: ಯಾರೋ ಯಾವುದೋ ಗಲಭೆಗೆ ಕುಮ್ಮಕ್ಕು ಕೊಟ್ಟರಂತೆ! ಕೋಟೆಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ತರಗತಿಯಲ್ಲಿ ಎದ್ದುನಿಂತು, “ಸಾರ್, ಈ ಎರಡೂ ಒಂದೇ ಮಾತೇ?” ಎಂದು ಕೇಳಿದನು. ಕಾಲುವೆ ನೀರಿನ ಗದ್ದೆಬಯಲಿನಿಂದ ಬಂದ ಕೃಷ್ಣರಾಜನಗರದ ಹುಡುಗರು ನಕ್ಕರು. ಹುಣಸೂರಿನವರು ನಗಲಿಲ್ಲ. ನಗತಕ್ಕ ಪ್ರಶ್ನೆಯೂ ಅದಾಗಿರಲಿಲ್ಲ. ಎರಡೂ ಒಂದೇ ತಾಯಿಯ ಮಕ್ಕಳು.

ಆ ತಾಯಿ ‘ಕುಮಕ್’ ಎಂಬ ಪಾರಸಿ ಶಬ್ದ. ನೆರವು, ಸಹಾಯ ಎಂದು ಅದರ ಅರ್ಥ. ಪಾರಸಿಗೂ ಅದು ಸ್ವಂತದ್ದಲ್ಲ. ತುರುಕಿ ಭಾಷೆಗಳಿಂದ ಪಡೆದ ಕಡ. ಅಜರ್ಬೈಜಾನಿನವರು ಇಂದಿಗೂ ಸಹಾಯಕ್ಕೆ ‘ಕೊಮೆಕ್’ ಎನ್ನುತ್ತಾರೆ. ಇರಾನಿನಲ್ಲಿ ಕಷ್ಟಕ್ಕೆ ಸಿಕ್ಕಿದವನು ಇದೇ ಮಾತಿನಿಂದ ಕೂಗಿಕೊಳ್ಳುತ್ತಾನೆ. ಸೈನ್ಯಗಳ ಸಂಗಡ ಅದು ಭಾರತಕ್ಕೆ ಬಂದಿತು. ಯುದ್ಧದಲ್ಲಿ ಸೋಲುತ್ತಿರುವವರ ಬೆಂಬಲಕ್ಕೆ ಹಿಂದಿನಿಂದ ಬರುವ ಪಡೆಗೆ ಹಿಂದಿಯಲ್ಲಿ ‘ಕುಮುಕ್’ ಎಂಬ ಹೆಸರು ಉಳಿದಿದೆ. ಕನ್ನಡದ ನಾಲಿಗೆ ತನ್ನ ವಾಡಿಕೆಯಂತೆ ಕೊನೆಗೊಂದು ಉಕಾರವನ್ನು ಸೇರಿಸಿ, ನಡುವೆ ಎರಡು ಒತ್ತುಗಳನ್ನಿಟ್ಟು, ಅದನ್ನು ‘ಕುಮ್ಮಕ್ಕು’ ಮಾಡಿಕೊಂಡಿತು. ‘ನೆರವಿಗೆ ಸಂಬಂಧಿಸಿದುದು’ ಎಂಬ ಅರ್ಥದ ‘ಕುಮಕಿ’ಯು ‘ಕುಮ್ಕಿ’ಯಾಯಿತು.

ಇದೇ ಮಾತು ಇಂಗ್ಲಿಷಿಗೂ ಹೋಗಿ ಸೇರಿತು. ಲಂಡನ್ನಿನ ಬೀದಿಯಲ್ಲಿ ಇದನ್ನು ಆಡಿದರೆ ಯಾರಿಗೂ ತಿಳಿಯಲಾರದು. ಆದರೂ ‘ಕೂಮ್ಕಿ’ ಎಂದೂ ‘ಕೂಂಕಿ’ ಎಂದೂ ಅದು ಆಂಗ್ಲರ ಬರವಣಿಗೆಯಲ್ಲಿ ನೆಲೆಸಿದೆ. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಇದಕ್ಕೆ ಒಂದು ಸ್ವಾರಸ್ಯವಾದ ಉಲ್ಲೇಖವುಂಟು. ದೇಶದ ಎರಡು ಕೊನೆಗಳಲ್ಲಿ ಈ ಮಾತು ಎರಡು ಬೇರೆ ಬೇರೆ ಅರ್ಥಗಳನ್ನು ತಳೆದಿತ್ತು. ಬಂಗಾಳದಲ್ಲಿ ಕುಮ್ಕಿಯೆಂದರೆ, ಕಾಡಿನ ಸಲಗವನ್ನು ಮರುಳುಗೊಳಿಸಿ ಹಿಡಿಯಲು ಪಳಗಿಸಿದ ಹೆಣ್ಣಾನೆ. ನಮ್ಮ ಕನ್ನಡ ಜಿಲ್ಲೆಗಳಲ್ಲಿ ಅದೊಂದು ಜಮೀನಿನ ಹೆಸರು. ವರ್ಗದ ಜಮೀನಿಗೆ ಅಂಟಿಕೊಂಡ 100 ಗಜಗಳೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಸೌದೆ, ಮೇವುಗಳನ್ನು ತಂದುಕೊಳ್ಳುವ ಸವಲತ್ತು ರೈತನಿಗಿತ್ತು. ಬೇಸಾಯಕ್ಕೆ ನೆರವಾಗುವ ನೆಲವಾದುದರಿಂದ ಅದು ಕುಮ್ಕಿ. 1964ರ ಭೂಕಂದಾಯ ಕಾಯಿದೆಯಲ್ಲಿಯೂ ಆ ಹೆಸರು ಹಾಗೆಯೇ ಉಳಿದುಕೊಂಡಿತು. ಮಂಗಳೂರಿನವರು ಕುಮ್ಕಿಯೆಂದರೆ ತೋಟದ ಅಂಚನ್ನು ನೆನೆಯುತ್ತಾರೆ, ಹುಣಸೂರಿನವರು ಆನೆಯನ್ನು.

ಹೆಗ್ಗಡದೇವನಕೋಟೆಯ ಕಾಕನಕೋಟೆಗೆ ಈ ಮಾತಿನ ಪ್ರಸಿದ್ಧಿಯಲ್ಲಿ ದೊಡ್ಡ ಪಾಲುಂಟು. ಅಲ್ಲಿ ನಡೆಯುತ್ತಿದ್ದ ಖೆಡ್ಡಾವನ್ನು ನೋಡಲು ದೇಶವಿದೇಶಗಳ ಗಣ್ಯರು ಬರುತ್ತಿದ್ದರು. ಖೆಡ್ಡಾ ಎಂಬುದೂ ‘ಅಟ್ಟು’ ಎಂಬ ಅರ್ಥದ ಉತ್ತರದೇಶದ ಮಾತೇ. ತಮಟೆ, ಬೆಂಕಿ, ಕೂಗುಗಳಿಂದ ಹಿಂಡನ್ನು ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಕ್ಕೆ ನೂಕಿ ಬಾಗಿಲಿಕ್ಕುವುದು ಮನುಷ್ಯನ ಕೆಲಸ. ಆಮೇಲಿನದು ಕುಮ್ಕಿಯ ಕೆಲಸ. ಎರಡು ಸಾಕಾನೆಗಳು ಒಂದು ಕಾಡಾನೆಯನ್ನು ಇಬ್ಬದಿಯಿಂದ ಒತ್ತಿ ಹಿಡಿಯುತ್ತಿದ್ದವು. ಆ ಮರೆಯಲ್ಲಿ ಕೆಳಗಿಳಿದ ಆಳುಗಳು ಅದರ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ಕಬಿನಿ ಜಲಾಶಯದ ನೀರು ಆ ದಡಗಳ ಮೇಲೆ ನಿಂತಿತು. ಖೆಡ್ಡಾ ಹೋಯಿತು; ಕುಮ್ಕಿ ಹೋಗಲಿಲ್ಲ. ಬಂಗಾಳದ ಹೆಣ್ಣಾನೆಯ ಹೆಸರು ಈಗ ಹೆಚ್ಚಾಗಿ ಎತ್ತರವಾದ ದಂತದ ಗಂಡಾನೆಗಳಿಗೆ ಸಲ್ಲುತ್ತಿದೆ. ಮರುಳುಗೊಳಿಸುವ ಕೆಲಸ ಹಿಂದಾಗಿ, ಎದುರು ನಿಂತು ಕಾದಾಡುವ ಕೆಲಸ ಮುಂದಾಯಿತಷ್ಟೆ.

ಇತ್ತ ಒಡಹುಟ್ಟಿದ ‘ಕುಮ್ಮಕ್ಕು’ ಕೆಟ್ಟ ದಾರಿ ಹಿಡಿಯಿತು. ಬೀಳುವವನನ್ನು ಎತ್ತುವ ಮಾತಾಗಿದ್ದುದು ಕೆಡುಕನ ಬೆನ್ನು ತಟ್ಟುವ ಮಾತಾಯಿತು. ಇಂದು ಒಳ್ಳೆಯ ಕೆಲಸಕ್ಕೆ ಯಾರೂ ಕುಮ್ಮಕ್ಕು ಕೊಡುವುದಿಲ್ಲ, ಪ್ರೋತ್ಸಾಹ ಕೊಡುತ್ತಾರೆ. ಕುಮ್ಮಕ್ಕು ಏನಿದ್ದರೂ ಗಲಭೆಗೆ, ಕಳ್ಳತನಕ್ಕೆ, ಆತ್ಮಹತ್ಯೆಗೆ. ಶಬ್ದ ತಾನಾಗಿ ಕೆಡುವುದಿಲ್ಲ. ನೆರವೆಂಬುದು ಯಾರ ಕಡೆಗೆ ಸಲ್ಲುತ್ತದೆ, ಯಾರ ಮೇಲೆ ಬೀಳುತ್ತದೆ ಎಂಬುದನ್ನು ಜನ ನೋಡುತ್ತಾರೆ. ನೋಡಿ ಮಾತಿಗೆ ಬೆಲೆ ಕಟ್ಟುತ್ತಾರೆ.

ಹಾಗಾದರೆ ಕುಮ್ಕಿ ಆನೆಯದು ನೆರವೋ, ಕುಮ್ಮಕ್ಕೋ? ಹೊಲ ಕಳೆದುಕೊಂಡ ರೈತನನ್ನು ಕೇಳಿದರೆ ನೆರವು. ಹಗ್ಗಕ್ಕೆ ಸಿಕ್ಕಿದ ಕಾಡಾನೆಗೆ ಬಾಯಿದ್ದಿದ್ದರೆ ಬೇರೆಯೇ ಹೇಳುತ್ತಿತ್ತೇನೋ! ಕುಮ್ಕಿಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅರ್ಜುನನನ್ನು ನೆನೆದರೆ ಈ ಪ್ರಶ್ನೆ ಇನ್ನಷ್ಟು ಭಾರವಾಗುತ್ತದೆ. 1968ರಲ್ಲಿ ಇದೇ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿಬಿದ್ದ ಎಳೆಯ ಆನೆ ಅದು. ಪಳಗಿ, ಬೆಳೆದು, ಬಳ್ಳೆ ಶಿಬಿರದ ಹೆಮ್ಮೆಯಾಯಿತು. 2012ರಿಂದ 2019ರವರೆಗೆ 8 ದಸರೆಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತು ನಡೆಯಿತು. ವಯಸ್ಸಾಯಿತೆಂದು ಅಂಬಾರಿಯನ್ನು ಇಳಿಸಿದರು. ಕುಮ್ಕಿಯ ಕೆಲಸವನ್ನು ಇಳಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದೊಡನೆ ಕಾದಾಡುತ್ತ ಅರ್ಜುನ ಅಲ್ಲಿಯೇ ಮಡಿಯಿತು. ಅಲ್ಲಿಯೇ ಮಣ್ಣಾಯಿತು. ಕುಮ್ಕಿಗಳ ನಡುವೆ ಸಿಕ್ಕಿ ಕಾಡನ್ನು ಬಿಟ್ಟ ಜೀವ, ಕುಮ್ಕಿಯಾಗಿಯೇ ಕಾಡಿನಲ್ಲಿ ಮುಗಿಯಿತು.

ಆ ವಿದ್ಯಾರ್ಥಿಗೆ ನಾನು ಶಬ್ದದ ಮೂಲವನ್ನು ಹೇಳಿ ಕುಳ್ಳಿರಿಸಿದೆ. ಅವನು ಮತ್ತೆ ಎದ್ದು, “ಸಾರ್, ಕುಮ್ಕಿಗೆ ಕಷ್ಟ ಬಂದರೆ ಕುಮ್ಕಿ ಯಾರು?” ಎಂದನು. ಈ ಸಲ ಕೃಷ್ಣರಾಜನಗರದ ಹುಡುಗರೂ ನಗಲಿಲ್ಲ. ನಿಘಂಟಿನಲ್ಲಿ ಅದಕ್ಕೆ ಉತ್ತರವಿಲ್ಲ.